ಪಕ್ಕದ ಮನೆಯ ಬದಲಿ ಗಾಯಕ

ಇಂಥವು ನಮ್ಮ ಪಕ್ಕದಲ್ಲೇ ಯಾಕೆ ನಡೆಯುತ್ತವೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ನನ್ನದು ಸಂಖ್ಯಾಶಾಸ್ತ್ರದ ಓದು. ಅಪರೂಪದ ಘಟನೆ ಅಪರೂಪಕ್ಕೆ ನಡೆಯಬೇಕು ಎಂಬುದು ಅದರ ಮೊದಲ ಪಾಠ. ಡಲ್ಲಾಸ್ ಹತ್ತಿರದ ಕ್ಯಾರಲ್ಟನ್‌ನ ನಮ್ಮ ಬೀದಿಗೆ ಆ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ.

೧. ಅಸಲಿ ಅಲ್ಲ

ಕನ್ನಡದವರೆಲ್ಲ ವಾಟ್ಸಾಪ್ ಗುಂಪು ಕಟ್ಟಲು ಕಲಿತ ಹೊಸತು. ನಮ್ಮ ಪಕ್ಕದ ಮನೆಗೆ ಇಂಗ್ಲೆಂಡಿನವನೊಬ್ಬ ಬಂದ. ಐವತ್ತು ದಾಟಿದವನು. ಟೆಕ್ಸಾಸಿನವಳನ್ನು ಮದುವೆಯಾಗಿ ಇಲ್ಲಿಗೆ ಬಂದಿದ್ದನಂತೆ. ಮದುವೆ ಮುಗಿದಿತ್ತು, ಟೆಕ್ಸಾಸ್ ಉಳಿದಿತ್ತು. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಚರ್ಮದ ಪ್ಯಾಂಟು ಹಾಕಿಕೊಂಡು ಹುಲ್ಲಿಗೆ ನೀರು ಬಿಡುತ್ತಿದ್ದ. ಇವನಿಗೆ ಏನೋ ಆಗಿದೆ ಎಂದು ನಾನು ಅಂದುಕೊಂಡೆ. ನನ್ನ ಗಂಡ ಹುಬ್ಬಳ್ಳಿಯವನು. ಹೊಸ ನೆರೆಯವರು ಬಂದರೆ ತಟ್ಟೆ ಹಿಡಿದು ಹೋಗದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಚಕ್ಕುಲಿ ಹಿಡಿದುಕೊಂಡು ಹೋದ, ನಾನೂ ಹಿಂದೆ ಹೋದೆ.

“ಏನು ಕೆಲಸ ತಮ್ಮದು?” ಗಂಡ ಕೇಳಿದ.

“ಹಾಡುತ್ತೇನೆ,” ಎಂದು ಅವನು ತನ್ನ ರಾಕ್ ಬ್ಯಾಂಡಿನ ಹೆಸರು ಹೇಳಿದ.

ಗಂಡನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಹಾಸ್ಟೆಲ್ಲಿನ ಗೋಡೆಯ ಮೇಲೆ ಅವನು ಅಂಟಿಸಿಕೊಂಡಿದ್ದುದು ಅದೇ ಬ್ಯಾಂಡಿನ ಪೋಸ್ಟರು. ಮಧ್ಯದಲ್ಲಿ, ಸೊಂಟದವರೆಗೆ ಕೂದಲು ಬಿಟ್ಟು ಬಾಯಿ ತೆರೆದು ನಿಂತಿದ್ದವನೇ ಅದರ ಜಗತ್ಪ್ರಸಿದ್ಧ ಗಾಯಕ. ಎದುರಿಗೆ ನೀರಿನ ಪೈಪು ಹಿಡಿದು ನಿಂತವನು ಅವನಲ್ಲ.

“ಆ ಬ್ಯಾಂಡಿನಲ್ಲಿ ಹಾಡುವವರು ನೀವಲ್ಲ,” ಎಂದೇಬಿಟ್ಟ. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು.

“ಆತ ಬಿಟ್ಟು ಹೋದ ಮೇಲೆ ನನ್ನನ್ನು ತೆಗೆದುಕೊಂಡರು. ಇಪ್ಪತ್ತು ವರ್ಷವಾಯಿತು.”

“ಇರಬಹುದು. ಆದರೂ ನೀವಲ್ಲ.”

ಆತ ಪೈಪು ಕೆಳಗಿಟ್ಟು ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡ. “ಇದನ್ನು ಬಹಳ ಜನ ಹೇಳಿದ್ದಾರೆ. ತಿಂಡಿ ಕೊಟ್ಟು ಹೇಳಿದವರು ನೀವೇ ಮೊದಲು,” ಎಂದ.

೨. ಬೆನ್ನು ತೋರಿಸದ ವರ್ಷ

ಅಂದಿನಿಂದ ನಮ್ಮ ಮನೆಯಲ್ಲಿ ಪೋಸ್ಟರಿನವನು ಹಳಬ, ಪಕ್ಕದ ಮನೆಯವನು ಹೊಸಬ. ಇಪ್ಪತ್ತು ವರ್ಷ ದುಡಿದ ಮೇಲೂ ಹೊಸಬನೇ.

“ಇಂವಾ ಅಸಲಿ ಅಲ್ಲ,” ಅನ್ನುತ್ತಿದ್ದ ಗಂಡ.

“ಇಷ್ಟು ವರ್ಷ ಹಾಡಿದೋನು ಅಸಲಿ ಅಲ್ಲದೆ ಮತ್ತೇನು?”

“ನಿನಗ ತಿಳಿಯೂದಿಲ್ಲ ಬಿಡು. ಅಸಲಿ ಬ್ಯಾರೆ.”

ಅಸಲಿ ಅಲ್ಲದವನು ದಿನಾ ನಮ್ಮ ಮನೆಗೆ ಫಿಲ್ಟರ್ ಕಾಫಿಗೆ ಬರತೊಡಗಿದ. ಬ್ಯಾಂಡಿಗೆ ಸೇರಿದ್ದು ಹೇಗೆ ಎಂದು ಒಮ್ಮೆ ಕೇಳಿದೆ. ಅವನು ಇಂಗ್ಲೆಂಡಿನ ಯಾವುದೋ ಸಣ್ಣ ಊರಿನಲ್ಲಿ ಭೂಗೋಳದ ಮೇಷ್ಟರಾಗಿದ್ದನಂತೆ. ಆಡಿಷನ್ನಿಗೆ ಹೋದಾಗ ಪರದೆಯ ಹಿಂದೆ ನಿಲ್ಲಿಸಿ ಹಾಡಿಸಿದರಂತೆ. ಮುಖ ನೋಡಿದರೆ ಮನಸ್ಸು ಬದಲಾದೀತು ಎಂದು ಪರದೆ. ಕಣ್ಣು ಮುಚ್ಚಿ ಕೇಳಿದವರೆಲ್ಲ ‘ಅದೇ ಧ್ವನಿ’ ಎಂದರು. ಪರದೆ ಸರಿಸಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಡ್ರಮ್ಮು ಬಾರಿಸುವವನು, “ಇರಲಿ, ಕೂದಲು ಬೆಳೆಯುತ್ತದೆ,” ಎಂದನಂತೆ.

“ನಮ್ಮ ಕಡೆ ಹೆಣ್ಣು ನೋಡುವುದು ಇದಕ್ಕಿಂತ ವಾಸಿ,” ಎಂದೆ.

“ಕೇಳು, ಇನ್ನೂ ಇದೆ. ಹಳಬನ ಕೋಟನ್ನೇ ನನಗೆ ತೊಡಿಸಿದರು. ಜನಕ್ಕೆ ಆ ಕೋಟಿನ ಅಭ್ಯಾಸ ಆಗಿದೆ, ಬದಲಾಯಿಸುವುದು ಬೇಡ ಅಂತ. ಅವನೋ ದೊಡ್ಡ ಆಳು. ಹಾಗಾಗಿ ಬೆನ್ನಿನ ಕಡೆ ಬಟ್ಟೆ ಮಡಚಿ ಉದ್ದಕ್ಕೂ ಸೇಫ್ಟಿ ಪಿನ್ನು ಚುಚ್ಚಿದರು. ತಿರುಗಿದರೆ ಮಾನ ಹೋಯಿತು. ಒಂದು ವರ್ಷ ಪೂರ್ತಿ ನಾನು ಜನರಿಗೆ ಬೆನ್ನು ಹಾಕಲಿಲ್ಲ. ವೇದಿಕೆಯಿಂದ ಇಳಿಯುವಾಗಲೂ ಹಿಂದಕ್ಕೆ ಹಿಂದಕ್ಕೆ ನಡೆದೇ ಹೋಗುತ್ತಿದ್ದೆ.”

“ಯಾರಿಗೂ ಗೊತ್ತಾಗಲಿಲ್ಲವಾ?”

“ಪತ್ರಿಕೆಯವರು ಬರೆದರು. ಹಳಬನಿಗಿಂತ ಇವನಿಗೆ ಅಭಿಮಾನಿಗಳ ಮೇಲೆ ಗೌರವ ಹೆಚ್ಚು ಅಂತ.”

೩. ಹ್ಯೂಸ್ಟನ್ನಿನ ಫೋಟೋ

ಹ್ಯೂಸ್ಟನ್ನಿನಲ್ಲಿ ಅವರ ಕಾರ್ಯಕ್ರಮವಿತ್ತು. ನಮ್ಮಿಬ್ಬರಿಗೂ ಪಾಸು ಕೊಟ್ಟ. ‘ಅಸಲಿ ಅಲ್ಲದ್ದನ್ನ ನೋಡಾಕ ನಾ ಯಾಕ ಬರಲಿ’ ಎನ್ನುತ್ತಲೇ ಗಂಡ ಕಾರಿಗೆ ಪೆಟ್ರೋಲು ತುಂಬಿಸಿದ.

ಕಾರ್ಯಕ್ರಮಕ್ಕೆ ಮುಂಚೆ, ಮಧ್ಯಾಹ್ನ, ಅಭಿಮಾನಿಗಳು ಬ್ಯಾಂಡಿನವರ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವ ಶಾಸ್ತ್ರ. ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು ಬಂದಳು. ಬ್ಯಾಂಡಿನ ಹಳೆಯ ಟೀ ಶರ್ಟು ತೊಟ್ಟಿದ್ದಳು. ಗಿಟಾರಿನವನನ್ನು ಅಪ್ಪಿಕೊಂಡು ಅತ್ತಳು. ಡ್ರಮ್ಮಿನವನ ಕೈಗೆ ಮುತ್ತಿಟ್ಟಳು. ಆಮೇಲೆ ಹೊಸಬನ ಹತ್ತಿರ ಬಂದು, ತನ್ನ ಫೋನನ್ನು ಅವನ ಕೈಗಿಟ್ಟು, “ಸ್ವಲ್ಪ ನಮ್ಮದೊಂದು ಫೋಟೋ ತೆಗೆಯುತ್ತೀಯಾ?” ಎಂದಳು.

ಯಾರಾದರೂ ಏನಾದರೂ ಹೇಳುತ್ತಾರೆ ಎಂದು ನೋಡಿದೆ. ಬ್ಯಾಂಡಿನವರು ನಗುಮುಖ ಮಾಡಿಕೊಂಡು ನಿಂತರು. ಹೊಸಬ ಎರಡು ಹೆಜ್ಜೆ ಹಿಂದೆ ಹೋಗಿ, ಬೆಳಕು ನೋಡಿ, ಎಲ್ಲರನ್ನೂ ಒತ್ತೊತ್ತಾಗಿ ನಿಲ್ಲಿಸಿ ಫೋಟೋ ತೆಗೆದ.

ಅವಳು ನೋಡಿದಳು. “ಡ್ರಮ್ಮಿನವರು ಕಣ್ಣು ಮುಚ್ಚಿದ್ದಾರೆ. ಇನ್ನೊಂದು.”

ಇನ್ನೊಂದು ತೆಗೆದ.

“ಇದು ಚೆನ್ನಾಗಿದೆ. ಇದೇ ಕೆಲಸವಾ ನಿನ್ನದು?”

“ಹೌದಮ್ಮ. ಬಿಡುವಿದ್ದಾಗ ಸ್ವಲ್ಪ ಹಾಡುತ್ತೇನೆ,” ಎಂದ ಹೊಸಬ.

೪. ಆಸ್ಟಿನ್ನಿನ ಟೋಪಿ

ಮುಂದಿನ ಕಾರ್ಯಕ್ರಮ ಆಸ್ಟಿನ್ನಿನಲ್ಲಿ. ಹೊರಡುವ ಮುಂಚೆ ಹೊಸಬ ಕಾಫಿಗೆ ಬಂದವನು ಲೋಟ ಮುಟ್ಟಲೇ ಇಲ್ಲ. ಹಳಬ ಬ್ಯಾಂಡಿಗೆ ವಾಪಸು ಬರಲು ಮನಸ್ಸು ಮಾಡಿದ್ದಾನೆ ಎಂದು ಮ್ಯಾನೇಜರು ತಿಳಿಸಿದ್ದನಂತೆ. ಬಂದರೆ ಇವನು ಮನೆಗೆ. ಹಳಬ ಯೋಚಿಸಿ ಮುಂದಿನ ಶನಿವಾರ ಉತ್ತರ ಹೇಳುತ್ತಾನೆ.

“ಈ ವಯಸ್ಸಿನಲ್ಲಿ ನನಗೆ ಮತ್ತೆ ಭೂಗೋಳವೇ ಗತಿ,” ಎಂದ. “ಅದರಲ್ಲೂ ಈ ಇಪ್ಪತ್ತು ವರ್ಷದಲ್ಲಿ ಅರ್ಧ ದೇಶಗಳ ಹೆಸರು ಬದಲಾಗಿದೆ. ನೀನು ಸಂಖ್ಯಾಶಾಸ್ತ್ರ ಓದಿದವಳಲ್ಲವೇ? ನಾನು ಉಳಿಯುವ ಸಾಧ್ಯತೆ ಎಷ್ಟು?”

ನಾನು ಸುಳ್ಳು ಹೇಳುವುದಿಲ್ಲ. “ಕಾಫಿ ಕುಡಿ,” ಎಂದೆ.

ನನ್ನ ಗಂಡನಿಗೆ ಮಾತ್ರ ಮದುವೆ ಮನೆಯ ಸಂಭ್ರಮ. ಅಸಲಿ ಬರುತ್ತಾನಲ್ಲ! ಆಸ್ಟಿನ್ನಿನ ಬಯಲಿನಲ್ಲಿ, ಸಂಜೆ, ಹಾಡು ಶುರುವಾಯಿತು. ನಮ್ಮ ಪಕ್ಕದಲ್ಲಿ ಟೋಪಿ ಹಾಕಿಕೊಂಡ ಒಬ್ಬ ದಪ್ಪನೆಯ ಮುದುಕ ನಿಂತಿದ್ದ. ವೇದಿಕೆಯ ಮೇಲೆ ಹೊಸಬ ಹಾಡಿದಂತೆಲ್ಲ ಈತನೂ ಗಂಟಲು ಬಿಚ್ಚಿ ಹಾಡತೊಡಗಿದ. ಮೇಲಿನ ಸ್ವರ ಬಂದಾಗ ಧ್ವನಿ ಒಡೆದು ಎತ್ತಲೋ ಹೋಗುತ್ತಿತ್ತು. ಗಂಡ ಒಂದು ಸಲ ತಿರುಗಿ ನೋಡಿದ. ಎರಡನೇ ಸಲ ದುರುಗುಟ್ಟಿದ. ಆಮೇಲೆ ತಡೆಯಲಾರದೆ, “ಸ್ವಾಮಿ, ಸುಮ್ಮನೆ ನಿಲ್ಲಿ. ನಿಮಗೆ ಈ ಹಾಡು ಬರುವುದಿಲ್ಲ. ಅವನು ಎಷ್ಟು ಚೆನ್ನಾಗಿ ಹಾಡುತ್ತಿದ್ದಾನೆ, ಕೇಳಬಾರದೆ?” ಎಂದ.

ಇಷ್ಟು ದಿನದಲ್ಲಿ ಅವನು ಹೊಸಬನನ್ನು ಹೊಗಳಿದ್ದು ಅದೇ ಮೊದಲು. ಮುದುಕ ಬಾಯಿ ಮುಚ್ಚಿ ಕೇಳುತ್ತ ನಿಂತ.

ಕಾರ್ಯಕ್ರಮ ಮುಗಿದಾಗ ಮ್ಯಾನೇಜರು ಓಡೋಡಿ ಬಂದು ಆ ಮುದುಕನಿಗೆ ಬಗ್ಗಿ ಕೈ ಕೊಟ್ಟ. ಮುದುಕ ಟೋಪಿ ತೆಗೆದ. ಒಳಗೆ ತಲೆ ಬೋಳು. ಮ್ಯಾನೇಜರು ಕೂಗಿದ ಹೆಸರು ಕೇಳಿ ಗಂಡ ನನ್ನ ತೋಳು ಹಿಡಿದುಕೊಂಡ. ನಾನೂ ಯಾವುದಾದರೂ ತೋಳು ಹುಡುಕುವ ಸ್ಥಿತಿಯಲ್ಲಿದ್ದೆ. ಅವನು ಹಳಬ.

ಆಸ್ಟಿನ್ನಿನಿಂದ ಡಲ್ಲಾಸಿನವರೆಗೆ ಗಂಡ ಡ್ರೈವ್ ಮಾಡುತ್ತ ಒಂದೇ ಮಾತು ಆಡಿದ: “ಪೋಸ್ಟರಿನ್ಯಾಗ ಕೂದಲಾ ಇತ್ತು.”

೫. ಡಲ್ಲಾಸಿನ ಮೌನ

ಆ ಶನಿವಾರ ಡಲ್ಲಾಸಿನ ಕನ್ನಡ ಸಂಘದ ರಾಜ್ಯೋತ್ಸವ. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಸಿನಿಮಾ ನಟರಿಗೆ ವೀಸಾ ಸಿಗಲಿಲ್ಲ. ಪಕ್ಕದ ಪ್ರಾಸ್ಪರ್ ಊರಿನಲ್ಲಿರುವ ಸಂಘದ ಅಧ್ಯಕ್ಷರು ನನಗೆ ಫೋನ್ ಮಾಡಿದರು.

“ಮೇಡಂ, ನಿಮ್ಮ ಪಕ್ಕದ ಮನೇಲಿ ಯಾರೋ ವರ್ಲ್ಡ್ ಫೇಮಸ್ ಇದ್ದಾರಂತಲ್ಲ, ಕರೀರಿ.”

ನಟರೊಬ್ಬರ ಬದಲಿಗೆ ಕರೆಯುತ್ತಿದ್ದಾರೆ ಎಂಬುದನ್ನೂ ಮುಚ್ಚಿಡದೆ ಹೊಸಬನಿಗೆ ಹೇಳಿದೆ. “ಬೇರೆಯವರ ಜಾಗಕ್ಕೆ ಬಂದು ನಿಲ್ಲುವುದಾ? ಅಭ್ಯಾಸ ಇದೆ,” ಎಂದು ಒಪ್ಪಿದ. ಹಳಬ ಉತ್ತರ ಹೇಳುವುದೂ ಅದೇ ದಿನ. ‘ಏನು ಹೇಳುವುದಿದ್ದರೂ ಅಲ್ಲೇ ಬಂದು ಹೇಳು’ ಎಂದು ಅವನಿಗೂ ವಿಳಾಸ ಕಳಿಸಿದ. ಹೊಸಬ ಯಾರ ಜಾಗಕ್ಕೆ ಬಂದವನು ಎಂದು ಅಧ್ಯಕ್ಷರಿಗೆ ಹೇಳಿದ್ದೆ. ಅತಿಥಿ ಪರಿಚಯಕ್ಕೆ ಬೇಕೆಂದು ಅವರು ಹಳಬನ ಒಂದು ಫೋಟೋ ಕೇಳಿದರು. ನನ್ನ ಗಂಡ ಪೋಸ್ಟರಿನ ಫೋಟೋ ಕಳಿಸಿದ, ಕೂದಲಿದ್ದದ್ದು.

ಬಾಡಿಗೆಗೆ ಹಿಡಿದ ಶಾಲೆಯೊಂದರ ಸಭಾಂಗಣ. ನಾವು ಹೊಸಬನನ್ನು ಕರೆದುಕೊಂಡು ಒಳಗೆ ಹೋಗುವಾಗ ನಾಡಗೀತೆ ಮುಗಿಯುತ್ತಿತ್ತು. ನಾನು ವೇದಿಕೆ ನೋಡಿದೆ. ಭುವನೇಶ್ವರಿಯ ಚಿತ್ರ, ಪಕ್ಕದಲ್ಲಿ ದೀಪದ ಕಂಬ. ಅದರ ಪಕ್ಕದಲ್ಲಿ ಇನ್ನೊಂದು ಮೇಜು. ಅದರ ಮೇಲೆ ಸೊಂಟದವರೆಗೆ ಕೂದಲು ಬಿಟ್ಟ ಹಳಬ, ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ, ಮುಂದೆ ಊದುಬತ್ತಿ, ಒಂದು ಸಣ್ಣ ದೀಪ.

ಅಧ್ಯಕ್ಷರ ಹತ್ತಿರ ಹೋಗಿ ಮೆಲ್ಲಗೆ, “ಸಾರ್, ಇದ್ಯಾಕೆ?” ಎಂದೆ.

“ಹಿಂದಿನವರನ್ನ ನೆನೀಬೇಕಲ್ಲ ಮೇಡಂ. ಪಾಪ, ಹೋಗಿಬಿಟ್ರು.”

“ಸತ್ತಿದ್ದಾರೆ ಅಂತ ಯಾರು ಹೇಳಿದರು?”

ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. “ಯಾರೂ ಹೇಳ್ಲಿಲ್ಲ. ಇವರು ಆ ಸ್ಥಾನಕ್ಕೆ ಬಂದಿದ್ದಾರಲ್ಲ? ಅಂಥಾ ಸ್ಥಾನಾನ ಬದುಕಿರೋರು ಯಾರಾದ್ರೂ ಬಿಟ್ಕೊಡ್ತಾರಾ ಮೇಡಂ?”

ನಮ್ಮ ಸಂಘದ ಅಧ್ಯಕ್ಷರಾಗಿ ಅವರೂ ಬಹಳ ವರ್ಷದಿಂದ ಇದ್ದಾರೆ. ಅವರ ಅನುಭವದ ಮಟ್ಟಿಗೆ ಆ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೈಸೂರು ಪೇಟ ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಾಗಿತ್ತು.

“ಇಂದಿನ ನಮ್ಮ ಅತಿಥಿಗಳು ಯಾರ ಸ್ಥಾನವನ್ನು ತುಂಬಿದರೋ, ಆ ಮಹಾನ್ ಗಾಯಕರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ.” ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು.

ಇಡೀ ಸಭಾಂಗಣ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟ ಆಂಟಿಯೊಬ್ಬರು ಆಗಲೇ ಕಣ್ಣಿಗೆ ಸೆರಗು ಹಚ್ಚಿದ್ದರು. ಹೊಸಬ ನನ್ನ ಕಡೆ ಬಗ್ಗಿದ.

“ಅವನು ಯಾವಾಗ ಸತ್ತ?” ಎಂದು ನನ್ನ ಕಿವಿಯಲ್ಲಿ ಕೇಳಿದ. “ಪಾರ್ಕಿಂಗ್‌ನಲ್ಲಿ ಜಾಗ ಹುಡುಕುತ್ತಿದ್ದೇನೆ ಅಂತ ಈಗಷ್ಟೇ ಮೆಸೇಜ್ ಮಾಡಿದ್ದ.”

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಹಳಬ ಒಳಗೆ ಬಂದ. ಎಲ್ಲರೂ ತಲೆ ತಗ್ಗಿಸಿ ನಿಂತಿರುವುದನ್ನು ಕಂಡ. ಮರ್ಯಾದಸ್ಥ, ಕೂಡಲೇ ಟೋಪಿ ತೆಗೆದು ತಾನೂ ತಲೆ ತಗ್ಗಿಸಿ ನಿಂತ. ಆಮೇಲೆ ಯಾರು ಸತ್ತದ್ದು ಎಂದು ತಿಳಿಯಲು ಮೆಲ್ಲಗೆ ತಲೆ ಎತ್ತಿದ.

ಅವನು ವೇದಿಕೆಯ ಕಡೆ ನಡೆದು ಬರುವುದನ್ನು ನೋಡುತ್ತ ನಿಂತೆ. ನಡು ಹಾದಿಯಲ್ಲಿ ಬಾಯಿ ತೆರೆದ. ಅಧ್ಯಕ್ಷರು ಮೇಲಿನಿಂದಲೇ ತುಟಿಯ ಮೇಲೆ ಬೆರಳಿಟ್ಟು ಗದರಿಸಿದರು. ಬಾಯಿ ಮುಚ್ಚಿಕೊಂಡ. ತನ್ನ ಫೋಟೋದ ಎದುರಿಗೇ ನಿಂತು ಉಳಿದ ಮೌನವನ್ನು ತಾನೂ ಆಚರಿಸಿದ.

ಮೌನ ಮುಗಿಯಿತು. ನಾನು ವೇದಿಕೆ ಹತ್ತಿ ಅಧ್ಯಕ್ಷರಿಗೆ ವಿಷಯ ಹೇಳಿದೆ. ಅವರು ಫೋಟೋ ನೋಡಿದರು, ಬೋಳು ತಲೆ ನೋಡಿದರು, ಮತ್ತೆ ಫೋಟೋ ನೋಡಿದರು. ಕುಸಿದು ಬೀಳುತ್ತಾರೆ ಅಂದುಕೊಂಡೆ. ಇಲ್ಲ. ಅಷ್ಟು ವರ್ಷ ಅಧ್ಯಕ್ಷರಾಗಿರುವುದು ಸುಮ್ಮನೆ ಅಲ್ಲ. ಮೈಕು ತೆಗೆದುಕೊಂಡು ಎರಡೂ ಭಾಷೆಯಲ್ಲಿ ಘೋಷಿಸಿದರು: “ಗಾಯಕರು ನಮ್ಮ ನಡುವೆಯೇ ಇರುವುದಾಗಿ ಈಗ ತಿಳಿದುಬಂದಿದೆ. ಆದ್ದರಿಂದ ಸಭೆ ಆಚರಿಸಿದ ಮೌನವನ್ನು ಸಂಘವು ಹಿಂಪಡೆಯುತ್ತದೆ.”

“ಬೇಡ!” ಎಂದು ಹಳಬ ಕೂಗಿದ.

ವೇದಿಕೆ ಹತ್ತಿ ಬಂದ. ಕಣ್ಣು ಒದ್ದೆಯಾಗಿತ್ತು. ನನ್ನನ್ನು, “ಇವರೆಲ್ಲ ನಿಂತದ್ದು ನನಗಾ?” ಎಂದು ಕೇಳಿದ.

“ಹೌದು.”

“ನನ್ನ ಹಾಡು ಕೇಳಿದ್ದಾರಾ?”

“ನನ್ನ ಗಂಡನೊಬ್ಬ ಕೇಳಿದ್ದಾನೆ. ಉಳಿದವರು ಇಲ್ಲ.”

“ನಾನು ಬ್ಯಾಂಡು ಬಿಟ್ಟ ದಿನ ಸ್ಟುಡಿಯೋದಲ್ಲಿ ಯಾರೂ ಕುರ್ಚಿಯಿಂದ ಎದ್ದಿರಲಿಲ್ಲ,” ಎಂದು ಅಧ್ಯಕ್ಷರ ಕೈಯಿಂದ ಮೈಕು ತೆಗೆದುಕೊಂಡ. “ಈ ಮೌನವನ್ನು ದಯವಿಟ್ಟು ಹಿಂಪಡೆಯಬೇಡಿ. ಇಷ್ಟು ಚೆನ್ನಾಗಿ ಕಳಿಸಿಕೊಟ್ಟ ಮೇಲೆ ವಾಪಸು ಬರುವುದು ಲಕ್ಷಣವಲ್ಲ. ಮೌನ ನಾನು ಇಟ್ಟುಕೊಳ್ಳುತ್ತೇನೆ. ಕೆಲಸ ಇವನು ಇಟ್ಟುಕೊಳ್ಳಲಿ.”

ಹೊಸಬ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನನ್ನ ಗಂಡ. ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಆಂಟಿ ಎದ್ದರು. ಅತ್ತು ಕಣ್ಣಿನ ಕಾಡಿಗೆ ಗಲ್ಲದವರೆಗೆ ಇಳಿದಿತ್ತು.

“ಏನ್ರೀ ಅಧ್ಯಕ್ಷರೇ, ಬದುಕಿದ್ದಾರೆ ಅಂತ ಮೊದಲೇ ಹೇಳೋಕಾಗಲ್ವಾ? ಇನ್ನೂ ಗ್ರೂಪ್ ಫೋಟೋನೇ ತೆಗ್ದಿಲ್ಲ!”