ಜಾರುವ ಗೇರಿಗೆ ದೇವರ ಅಪ್ಪಣೆ

ನಗೋ ಸಂಗತಿಗಳು ನಮ್ಮಂಥ ಲಾರಿಯೋರಿಗೆ ನಡೀತಾನೇ ಇರ್ತವೆ. ಕಷ್ಟ ಏನಂದ್ರೆ, ನಡೆಯೋವಾಗ ನಗು ಬರಲ್ಲ, ಕಾಲು ನಡುಗುತ್ತೆ. ಮನೆ ಸೇರಿ ಒಂದು ಚೊಂಬು ನೀರು ಕುಡಿದ ಮೇಲೆ ನಗು ಬರುತ್ತೆ. ಹೋದ ವರ್ಷ ನನ್ನ ಲಾರಿಯ ಗೇರ್ ಬಾಕ್ಸ್ ಕೈಕೊಟ್ಟಾಗ ಹದಿನೈದು ದಿನ ಹಂಗೇ ನಡುಗಿದೀನಿ. ಬಿಚ್ಚಿ ರಿಪೇರಿ ಮಾಡಿಸ್ಬೇಕೋ, ಕಿತ್ತು ಬೇರೇದು ಹಾಕಿಸ್ಬೇಕೋ? ಪ್ರಶ್ನೆ ಇಷ್ಟೇ. ಆದರೆ ಲೆಕ್ಕಾಚಾರ ತಪ್ಪಿದ್ರೆ ಇಳಿಜಾರಲ್ಲಿ ಪ್ರಾಣಾನೇ ಹೋಗುತ್ತೆ.

೧. ಹೆಂಡತಿಗೆ ಸಿಕ್ಕ ಕೆಲಸ

ಚಿಂತಾಮಣಿ ಮಾರ್ಕೆಟ್‌ನಲ್ಲಿ ಟೊಮೇಟೊ ತುಂಬಿಸ್ಕೊಂಡು ಗೌರಿಬಿದನೂರಿಗೆ ಹೊರಟಿದ್ದೆ. ನಾದಿನಿ ಮನೆ ಅಲ್ಲೇ ಇರೋದು, ಅಂತ ನನ್ನವಳೂ ಹತ್ತಿ ಕೂತಿದ್ಲು. ನನ್ನ ಗಾಡಿಗೆ ಒಂದು ರೋಗ ಇತ್ತು. ಇಳಿಜಾರು ಬಂದ್ರೆ ಮೂರನೇ ಗೇರು ತಾನಾಗೇ ಜಾರಿ ನ್ಯೂಟ್ರಲ್‌ಗೆ ಬಂದ್ಬಿಡೋದು. ಆಮೇಲೆ ಇಂಜಿನ್ ಗಾಡೀನ ತಡೆಯಲ್ಲ, ಹಿಂದಿನ ಟೊಮೇಟೊ ಅಷ್ಟೂ ಮುಂದಕ್ಕೆ ತಳ್ಳುತ್ತೆ, ಬ್ರೇಕ್ ಒಂದನ್ನೇ ನಂಬ್ಕೊಂಡು ಇಳೀಬೇಕು. ಅದಕ್ಕೇ ಎಡಗೈಲಿ ಗೇರ್ ರಾಡ್ ಅದುಮಿ ಹಿಡ್ಕೊಂಡೇ ಇಳೀತಿದ್ದೆ. ಅವತ್ತು ಕೈ ಸೋತಿತ್ತು.

"ಇದನ್ನ ಸ್ವಲ್ಪ ಹಿಡ್ಕೋ ಕಣೇ," ಅಂದೆ.

ಪಾಪ, ಎರಡೂ ಕೈಲಿ ಹಿಡ್ಕೊಂಡ್ಲು. ಇಳಿಜಾರು ಮುಗೀತು. "ಬಿಟ್ಟಿದ್ರೆ ಏನಾಗ್ತಿತ್ತು?" ಅಂತ ಕೇಳಿದ್ಲು. ನಾನು ಪೆದ್ದ, ಇದ್ದಿದ್ದು ಇದ್ದಂಗೇ ಹೇಳ್ಬಿಟ್ಟೆ. ಅವಳ ಮುಖ ಸುಣ್ಣ ಬಳಿದಂಗಾಯ್ತು.

"ಒಬ್ರೇ ಹೋಗೋವಾಗ ಕೈ ಸೋತ್ರೆ ಯಾರು ಹಿಡ್ಕೋತಾರೆ?"

"ಯಾರು ಹಿಡ್ಕೋತಾರೆ? ದೇವರೇ ಹಿಡ್ಕೋಬೇಕು."

"ಹಂಗಾದ್ರೆ ಆ ದೇವರನ್ನೇ ಕೂರಿಸ್ಕೊಂಡು ಹೋಗಿ, ರಾಡ್ ಹಿಡ್ಕೊಂಡು ಅವನಿಗೆ ಅಭ್ಯಾಸ ಇದೆ. ನನ್ನ ಇಲ್ಲೇ ಇಳಿಸಿ!"

೨. ಮೇಸ್ತ್ರಿ ಮುಖ

ಬಯ್ಯಿಸ್ಕೊಂಡ ಮೇಲೆ ಶಿಡ್ಲಘಟ್ಟದಲ್ಲಿ ಲಾರಿ ರಿಪೇರಿ ಮಾಡೋ ಮೇಸ್ತ್ರಿ ಹತ್ರ ಹೋದೆ. ವಯಸ್ಸಾದ ಮನುಷ್ಯ, ಮಾತು ಕಮ್ಮಿ. ಉದ್ದದ ಸ್ಕ್ರೂಡ್ರೈವರ್ ತಗೊಂಡು ತುದೀನ ಗೇರ್ ಬಾಕ್ಸ್‌ಗೆ ಊರಿ, ಹಿಡೀನ ಕಿವಿಗೆ ಇಟ್ಕೊಂಡು ಕಣ್ಣು ಮುಚ್ಚಿದ್ರು. ಇಂಜಿನ್ ಗಡಗಡ ಅಂತಿದೆ. ಆಮೇಲೆ ಆಯಿಲ್ ಇಳಿಸಿದ್ರು. ಬೆರಳು ಅದ್ದಿ ಉಜ್ಜಿ ತೋರಿಸಿದ್ರು. ಕಬ್ಬಿಣದ ಪುಡಿ ಮಿಣಮಿಣ ಅಂತಿತ್ತು.

"ಹಲ್ಲು ಸವೀತಾ ಇದೆ. ಬಿಚ್ಚಿ ಬೇರಿಂಗು, ಗೇರು ಬದಲಾಯಿಸಿ ಕಟ್ಟಬಹುದು. ಆದ್ರೆ ಒಳಗಿನ ಶಾಫ್ಟೂ ಸವೆದಿದ್ರೆ ಮತ್ತೆ ಜಾರುತ್ತೆ."

"ಸವೆದಿದ್ಯಾ?"

"ಬಿಚ್ಚಿದ ಮೇಲೆ ಗೊತ್ತಾಗುತ್ತೆ."

"ಬಿಚ್ಚದೆ ಹಂಗೇ ಓಡಿಸಿದ್ರೆ?"

ಮೇಸ್ತ್ರಿ ಬಟ್ಟೇಲಿ ಕೈ ಒರೆಸ್ಕೊಂಡು, ನನ್ನ ಹೆಗಲ ಮೇಲೆ ಕೈ ಇಟ್ಟು ಕೇಳಿದ್ರು: "ಮನೇಲಿ ಗಂಡು ಮಕ್ಕಳು ದೊಡ್ಡೋರಾಗಿದ್ದಾರಾ?"

೩. ಗುಜರಿಯವನ ಗ್ಯಾರಂಟಿ

ಹಳೇದನ್ನ ಬಿಚ್ಚೋ ಭಯ ಬೇಡ, ಹೊಸದು ತಗೊಂಡ್ರೆ ಕೈ ಸುಡುತ್ತೆ, ಸೆಕೆಂಡ್ ಹ್ಯಾಂಡ್ ಬಾಕ್ಸ್ ನೋಡೋಣ ಅಂತ ಗೌರಿಬಿದನೂರಿನ ಒಂದು ಗುಜರಿ ಅಂಗಡಿಗೆ ಹೋದೆ. ಅಂಗಡಿಯವನದು ಅರ್ಧ ತೆಲುಗು, ಅರ್ಧ ಕನ್ನಡ. ಒಂದು ಬಾಕ್ಸ್ ಮೇಲೆ ಕುದುರೆ ಬೆನ್ನು ತಟ್ಟೋ ಥರ ತಟ್ಟಿದ.

"ತಗೊಳ್ಳಪ್ಪಾ, ಭಯಂ ಎಂದುಕು, ಯಾಕೆ ಭಯ? ಇದರ ಗೇರು ಜಾರೋ ಮಾತೇ ಇಲ್ಲ. ಗ್ಯಾರಂಟಿ!"

"ಹೆಂಗೆ ಹೇಳ್ತೀಯಪ್ಪ ಅಷ್ಟು ಗಟ್ಟಿಯಾಗಿ?"

"ಇದನ್ನ ಬಿಚ್ಚಿದ ಗಾಡಿ ಕೆರೆ ಏರಿ ಮೇಲಿಂದ ನೀರಿಗೆ ಬಿತ್ತು ಕಣಪ್ಪಾ. ಮೂರು ದಿನ ಆದ ಮೇಲೆ ಕ್ರೇನ್ ತಂದು ಎತ್ತಿದ್ರು. ಆಗ್ಲೂ ಮೂರನೇ ಗೇರಲ್ಲೇ ಇತ್ತು!"

೪. ಬಲಗಡೆ ಬಿದ್ದ ಹೂವು

ಇನ್ನು ಮನುಷ್ಯರನ್ನ ಕೇಳಿ ಪ್ರಯೋಜನ ಇಲ್ಲ ಅಂತ ನನ್ನವಳು ತೀರ್ಮಾನ ಮಾಡಿದ್ಲು. ದಿಬ್ಬೂರಹಳ್ಳಿ ಕಡೆ ಅವಳ ತವರೂರು, ಅಲ್ಲಿ ಗುಡ್ಡದ ಮೇಲೆ ಅವರ ಮನೆದೇವರ ಗುಡಿ. ಅಲ್ಲಿ ಹೂವು ಕೇಳೋ ಪದ್ಧತಿ ಇದೆ. ಎರಡು ದಾರೀಲಿ ಒಂದನ್ನ ಬಲಕ್ಕೆ, ಒಂದನ್ನ ಎಡಕ್ಕೆ ಅಂತ ಮನಸ್ಸಲ್ಲೇ ಅಂದ್ಕೊಂಡು ಕೂರಬೇಕು. ಪೂಜಾರಪ್ಪ ದೇವರ ತಲೆ ಮೇಲೆ ಹೂವು ಇಡ್ತಾರೆ. ಯಾವ ಕಡೆ ಬಿದ್ರೆ ಆ ದಾರಿ. ಗುಡಿ ಒಳಗೆ ಬಾಯಿಬಿಟ್ಟು ಹೇಳೋ ಹಂಗಿಲ್ಲ.

ಖಾಲಿ ಗಾಡೀಲೇ ಗುಡ್ಡ ಹತ್ತಿದ್ವಿ. ಕೊನೇ ತಿರುವಲ್ಲಿ, ಅಲ್ಲೀವರೆಗೂ ನೆಟ್ಟಗಿದ್ದ ಎರಡನೇ ಗೇರೂ ಟಪ್ ಅಂತ ಚಿಮ್ಮಿ ಆಚೆ ಬಂತು. ಗಾಡಿ ಎರಡು ಮಾರು ಹಿಂದಕ್ಕೆ ಹೋಯ್ತು. ಹೆಂಗೋ ಬ್ರೇಕ್ ಒತ್ತಿ, ಮೊದಲನೇ ಗೇರಲ್ಲಿ ತೆವಳ್ಕೊಂಡು ಗುಡಿ ಮುಂದೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಅವಳು ಅಷ್ಟರಲ್ಲಿ ಗುಡಿ ಒಳಗೆ ಓಡಿದ್ಲು, ನಾನೂ ಹಿಂದೇನೇ ಹೋದೆ.

ಪೂಜಾರಪ್ಪ ಸೇವಂತಿಗೆ ಹೂವು ಇಟ್ರು. ತುಂಬಾ ಹೊತ್ತು ಅಲ್ಲಾಡಲೇ ಇಲ್ಲ. ಆಮೇಲೆ ಬಲಕ್ಕೆ ಬಿತ್ತು!

"ಸದ್ಯ! ರಿಪೇರಿ ಮಾಡಿಸು ಅಂದ ದೇವರು," ಅಂದೆ ನಾನು.

"ಏನ್ರೀ? ಹೊಸದು ಹಾಕಿಸು ಅಂತ ಅಲ್ವಾ ಹೂವು ಕೊಟ್ಟಿದ್ದು?" ಅಂದ್ಲು ಅವಳು.

ಇಬ್ರೂ ಬಲಕ್ಕೇ ಇಟ್ಟಿದ್ವಿ, ಬೇರೆ ಬೇರೆ. ಬರೋವಾಗ ಭಯದಲ್ಲಿ, ಯಾವುದನ್ನ ಯಾವ ಕಡೆ ಇಡೋದು ಅಂತ ಮಾತಾಡ್ಕೊಳ್ಳೋದೇ ಮರೆತಿದ್ವಿ. ಪೂಜಾರಪ್ಪನ ಕಡೆ ನೋಡಿದ್ರೆ ಅವರು ಮೆಲ್ಲಗೆ ಅಂದ್ರು, "ನಿಮ್ಮ ಮಧ್ಯೆ ನಾನೂ ಕೇಳ್ಕೊಂಡ್ಬಿಟ್ಟೆ ಕಣಪ್ಪ. ಡಾಕ್ಟ್ರು ಮಂಡಿ ಬದಲಾಯಿಸ್ಬೇಕು ಅಂದವ್ರೆ. ನಾನು ಬರೀ ಎಣ್ಣೆ ಹಚ್ಚಿ ತಿಕ್ಕೋದನ್ನ ಬಲಕ್ಕೆ ಇಟ್ಟಿದ್ದೆ."

"ಇನ್ನೊಂದು ಸಲ ಕೇಳಿ ಸ್ವಾಮಿ."

"ದಿನಕ್ಕೆ ಒಂದೇ ಹೂವು. ನಾಳೆ ಬನ್ನಿ."

ನಾಳೆ ಬರಬೇಕಾದ್ರೆ ಇವತ್ತು ಇಳೀಬೇಕಲ್ಲ! ಆಚೆ ಬಂದು ಇಬ್ರೂ ಆ ಇಳಿಜಾರನ್ನ ನೋಡ್ತಾ ನಿಂತ್ವಿ. ನನ್ನವಳ ಕಣ್ಣಲ್ಲಿ ನೀರು ಬಂತು. "ದೇವರು ಯಾರಿಗೆ ಹೂವು ಕೊಟ್ಟನೋ ನಂಗೊತ್ತಿಲ್ಲ. ನೀವು ಗಾಡಿ ತಗೊಂಡು ಹೋದಾಗೆಲ್ಲ ಫೋನ್ ಬಡ್ಕೊಂಡ್ರೆ ನನ್ನ ಜೀವ ಹೋಗಿ ಬರುತ್ತೆ," ಅಂದ್ಲು. "ನಂಗೂ ಭಯ ಕಣೇ," ಅಂತ ನಾನೂ ಒಪ್ಕೊಂಡೆ. ಇಷ್ಟು ವರ್ಷದಲ್ಲಿ ಅವಳ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು.

ಅಲ್ಲೇ ನಿಂತು ಮೇಸ್ತ್ರಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. "ರಿಪೇರಿ ಬೇಡ, ಸೆಕೆಂಡ್ ಹ್ಯಾಂಡೂ ಬೇಡ. ಹೊಸಾ ಬಾಕ್ಸೇ ಹಾಕಿ."

"ಒಳ್ಳೇದಾಯ್ತು. ಗಾಡಿ ತಗೊಂಡು ಬನ್ನಿ."

"ಹೆಂಗೆ ತರ್ಲಿ ಮೇಸ್ತ್ರಿ? ದಿಬ್ಬೂರಹಳ್ಳಿ ಗುಡ್ಡದ ಮೇಲಿದೀನಿ. ಎರಡನೇ ಗೇರೂ ನಿಲ್ತಿಲ್ಲ."

"ಅಯ್ಯೋ, ಟಾರ್ ರೋಡ್‌ವರೆಗೂ ಇಳಿಜಾರೇ ಅಲ್ವಾ? ಗೇರ್ ಯಾಕೆ ಬೇಕು, ತಾನಾಗೇ ಬರುತ್ತೆ!"

ನನ್ನವಳು ನನ್ನ ಕೈಯಿಂದ ಫೋನ್ ಕಿತ್ಕೊಂಡ್ಲು.

"ಬರುತ್ತೆ ಮೇಸ್ತ್ರಿ, ಬರೋದ್ರಲ್ಲಿ ಅನುಮಾನಾನೇ ಇಲ್ಲ. ಎಲ್ಲಿ ನಿಲ್ಲುತ್ತೆ ಅಂತ ಹೇಳ್ಬಿಡಿ, ನಮ್ಮೋರನ್ನೆಲ್ಲ ಅಲ್ಲಿಗೇ ಬರೋಕೆ ಹೇಳ್ತೀನಿ!"

ಆ ಕಡೆಯಿಂದ ಮೇಸ್ತ್ರಿ ಅವಸರದಲ್ಲಿ ಅಂದ್ರು: "ಗಾಡಿ ಮುಟ್ಟಬೇಡಿ ತಾಯೀ. ಬಾಕ್ಸ್ ತಗೊಂಡು ನಾನೇ ಗುಡ್ಡ ಹತ್ತಿ ಬರ್ತೀನಿ."