ಗುಂಡನಿಗೆ ಒಗ್ಗಿದ ಊಟ

ನಮ್ಮ ಮನೆಗೆ ನಗೆಪಾಟಲಿನ ಸಂಗತಿಗಳು ಹೊರಗಿನಿಂದ ಬರಬೇಕಾಗಿಲ್ಲ. ಗುಂಡನೆಂಬ ಬೆಕ್ಕೂ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ನಮ್ಮ ಯಜಮಾನರೂ ಒಂದೇ ಸೂರಿನಡಿ ಇರುವವರೆಗೆ ಅವು ತಾವಾಗಿಯೇ ಒದಗುತ್ತವೆ. ನಾನು ವಿಜಯಪುರದ ಕಡೆಯಿಂದ ಮದುವೆಯಾಗಿ ಶಿವಮೊಗ್ಗಕ್ಕೆ ಬಂದವಳು. ನಮ್ಮೂರಲ್ಲಿ ಬೆಕ್ಕಿನ ಊಟದ ಚಿಂತೆ ಬೆಕ್ಕಿನದೇ ಆಗಿತ್ತು. ಆಲ್ಕೊಳ ಬಡಾವಣೆಯ ಈ ಮನೆಯಲ್ಲಿ ಮಾತ್ರ ಅದು ಒಂದು ಇಲಾಖೆ.

ಡಾಕ್ಟರ ಪ್ರಶ್ನೆ

ಗುಂಡನಿಗೆ ಮೂತ್ರ ಕಟ್ಟಿತು. ಬುಟ್ಟಿಯಲ್ಲಿ ಕೂರಿಸಿ ಭದ್ರಾವತಿಗೆ ಒಯ್ದೆವು. ಬೆಕ್ಕುಗಳ ಮಟ್ಟಿಗೆ ಒಳ್ಳೆಯ ಕೈಗುಣದ ಡಾಕ್ಟರೊಬ್ಬರು ಅಲ್ಲಿದ್ದಾರೆ. ನಳಿಕೆ ಹಾಕಿ ಅವನನ್ನು ಉಳಿಸಿಕೊಟ್ಟರು. ಆಮೇಲೆ ಹೇಳಿದರು: "ಒಣ ಬಿಸ್ಕತ್ತು, ಮೊಸರನ್ನ ಎರಡೂ ಬಂದ್. ಇನ್ನೇನಿದ್ದರೂ ವೆಟ್ ಫುಡ್. ಇನ್ನೊಂದ್ಸಲ ಕಟ್ಟಿದ್ರೆ ಕಷ್ಟ."

"ಮೊಸರನ್ನಕ್ಕಿಂತ ವೆಟ್ ಯಾವುದಿದೆ ಡಾಕ್ಟ್ರೇ?" ಎಂದರು ಯಜಮಾನರು.

"ಮೀನು, ಕೋಳಿ ಇರಬೇಕು ಸಾರ್. ಪ್ಯಾಕೆಟ್‌ನಲ್ಲಿ ಸಿಗುತ್ತೆ."

ಯಜಮಾನರು ಕುರ್ಚಿಯನ್ನೇ ಹಿಂದಕ್ಕೆ ಸರಿಸಿದರು. "ನಮ್ಮನೇಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ನಾವು ಲಿಂಗಾಯತರು."

ಡಾಕ್ಟರು ಬುಟ್ಟಿಯೊಳಗೆ ಇಣುಕಿ ನೋಡಿ ಕೇಳಿದರು: "ಇವನಿಗೆ ಯಾವಾಗ ದೀಕ್ಷೆ ಕೊಡಿಸಿದಿರಿ?"

ಇಬ್ಬರು ಪಂಡಿತರು

ಸರ್ಕಲ್ ಹತ್ತಿರದ ಸಾಕುಪ್ರಾಣಿಗಳ ಅಂಗಡಿಯಲ್ಲಿ ಯಜಮಾನರು ಮೊದಲು ಹುಡುಕಿದ್ದು ಹಸಿರು ಚುಕ್ಕೆ. ಒಂದು ಪ್ಯಾಕೆಟ್ಟಿನ ಮೇಲೆ ಕುಂಬಳಕಾಯಿಯ ಚಿತ್ರ ಕಂಡದ್ದೇ ಮುಖ ಅರಳಿತು.

"ಇದೇ ಕೊಡಿ."

"ಸಾರ್, ಹೆಬ್ಬೆರಳು ತೆಗೀರಿ," ಎಂದರು ಅಂಗಡಿಯವರು. ಹೆಬ್ಬೆರಳಿನ ಕೆಳಗೆ ಕೋಳಿ ಇತ್ತು.

ಆಮೇಲೆ ಶುರುವಾಯಿತು ವಿಚಾರಣೆ. ಗ್ರೇವಿಯೋ, ಜೆಲ್ಲಿಯೋ? ಟ್ಯೂನಾನೋ, ಬಂಗಡೆಯೋ? ಯಜಮಾನರು ಕನ್ನಡಕ ಏರಿಸಿ, ಒಂದೊಂದು ಪ್ಯಾಕೆಟ್ಟಿನ ಹಿಂಭಾಗವನ್ನೂ ಪಹಣಿ ಓದುವಂತೆ ಓದಿದರು. ಅಂಗಡಿಯವರು ಟ್ಯೂನಾದ ಮಾಂಸ ಮೃದು ಎಂದರೆ, ಇವರು ಬಂಗಡೆಯಲ್ಲಿ ಜಿಡ್ಡು ಜಾಸ್ತಿ ಎಂದು ವಾದಿಸಿದರು. ನನ್ನ ಕಾಲು ಹಿಡಿದುಕೊಂಡಿತು.

ಕೊನೆಗೆ ಯಜಮಾನರು ದನಿ ತಗ್ಗಿಸಿ ಕೇಳಿದರು: "ಖಾಸಗಿಯಾಗಿ ಹೇಳಿ, ನಿಮಗೆ ಯಾವುದು ರುಚಿ?"

"ಅಯ್ಯೋ, ನಾನೂ ವೆಜ್ಜೇ ಸಾರ್."

ಹಿತ್ತಲ ಕಾನೂನು

ಟ್ಯೂನಾ ಗ್ರೇವಿ ಮಂಜೂರಾಯಿತು. ಆದರೆ ಪ್ಯಾಕೆಟ್ ಮನೆಯೊಳಗೆ ಬರಕೂಡದು. ಹಿತ್ತಲಲ್ಲಿ ಅದಕ್ಕೊಂದು ತಗಡಿನ ಡಬ್ಬ. ಅದಕ್ಕೇ ಬೇರೆ ಕತ್ತರಿ, ಬೇರೆ ಬಟ್ಟಲು.

"ನಾ ಹಾಕ್ತೀನಿ ಬಿಡ್ರಿ, ನನಗೇನು ಹೇಸಿಗಿ ಇಲ್ಲ," ಎಂದೆ.

"ನೀನು ಅಡುಗೆ ಮಾಡೋ ಕೈ ಮಾರಾಯ್ತಿ. ನಾನೇ ಹಾಕ್ತೀನಿ."

ಹಾಗೆ ನಡೆಯಿತು ದಿನಕ್ಕೆರಡು ಬಾರಿಯ ಸಮಾರಂಭ. ಕೆಂಪು ಟವೆಲ್ಲಿನಿಂದ ಮೂಗು ಬಾಯಿ ಬಿಗಿದುಕೊಳ್ಳುವುದು. ಮುಖವನ್ನು ಕಾಂಪೌಂಡಿನ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಪ್ಯಾಕೆಟ್ ಕತ್ತರಿಸಿ ಹಿಂಡುವುದು. ಹಿಂಡುವಾಗ ಹೊಟ್ಟೆಯ ಆಳದಿಂದ "ಶಿವಾ... ಶಿವಾ..." ಎನ್ನುವುದು. ಗುಂಡ ಆ ಎರಡನೆಯ ಶಿವನಿಗೇ ಕಾದವನಂತೆ ಬಟ್ಟಲಿಗೆ ಮುಖ ಹಾಕುತ್ತಿದ್ದ. ಇವರು ನೇರ ಬಚ್ಚಲಿಗೆ ಓಡಿ ತಲೆಗೆ ಸ್ನಾನ ಮಾಡುತ್ತಿದ್ದರು.

ಪಕ್ಕದ ಮನೆಯಾಕೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ತಮಿಳು ಹೆಂಗಸು. ವಾರವೆಲ್ಲ ನೋಡಿ ನೋಡಿ, ಒಂದು ಸಂಜೆ ಗೋಡೆಯ ಮೇಲಿಂದ ಸಣ್ಣ ದನಿಯಲ್ಲಿ ಕೇಳಿದಳು: "ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಮ ಕಡೆ ದಿನಾ ಎರಡೆರಡು ಜನ ತೀರಿಹೋಗ್ತಿದ್ದಾರಾ?"

ಸಲಹೆಗಾರರು

ತಿಂಗಳೊಪ್ಪತ್ತಿನಲ್ಲಿ ನಮ್ಮವರು ಪರಿಣತರಾದರು. ಪಕ್ಕದಾಕೆ ಮೀನು ತೊಳೆಯುತ್ತಿದ್ದರೆ ಟವೆಲ್ಲಿನೊಳಗಿಂದಲೇ ಉಪದೇಶ: "ಬಂಗಡೆ ಯಾಕೆ ತಂದೆಯಮ್ಮಾ? ಟ್ಯೂನಾದಲ್ಲಿ ಪ್ರೋಟೀನು ಜಾಸ್ತಿ. ಗ್ರೇವಿ ತೆಳ್ಳಗಿರಲಿ, ಮೂತ್ರಕ್ಕೆ ಒಳ್ಳೇದು."

ಆಕೆ ಒಂದು ಮೀನು ಎತ್ತಿ ಹಿಡಿದಳು. "ಇಷ್ಟೆಲ್ಲ ತಿಳ್ಕೊಂಡಿದ್ದೀರಿ, ತಾಜಾ ಇದೆಯಾ ಮೂಸಿ ಹೇಳಿ ಸಾರ್."

ಆ ದಿನ ಸ್ನಾನ ಮೂರಾಯಿತು.

ಬಿಟ್ಟುಹೋದ ಔಷಧಿ

ಹೋದ ತಿಂಗಳು ಕುಂಸಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಯಜಮಾನರು ಎರಡು ದಿನ ಮೊದಲೇ ಹೋದರು, ನಾನು ಗುಂಡನಿಗಾಗಿ ಉಳಿದೆ. ಚೆಂದದ ತಟ್ಟೆಯಲ್ಲಿ ಟ್ಯೂನಾ ಹಾಕಿ, ಪ್ರೀತಿಯಿಂದ ತಲೆ ಸವರಿ ಕರೆದೆ. ಗುಂಡ ಮೂಸಿದ, ನನ್ನ ಮುಖ ನೋಡಿದ, ಹೋಗಿ ಬಾಗಿಲ ಬಳಿ ಕೂತ. ಸಂಜೆಯೂ ಅಷ್ಟೇ. ಮರುದಿನ ಅಂಗಡಿಯಲ್ಲಿದ್ದ ಕೋಳಿ ಗ್ರೇವಿ, ಕೋಳಿ ಜೆಲ್ಲಿ, ಬಂಗಡೆ ಎಲ್ಲ ತಂದು ಸಾಲಾಗಿ ಬಡಿಸಿದೆ. ಪಕ್ಕದಾಕೆ ಮೀನು ಬೇಯಿಸಿ ಮುಳ್ಳು ಬಿಡಿಸಿ ಕೊಟ್ಟಳು. ಒಂದನ್ನೂ ಮುಟ್ಟಲಿಲ್ಲ, ನೀರನ್ನೂ ಕುಡಿಯಲಿಲ್ಲ. ಮತ್ತೆ ಮೂತ್ರ ಕಟ್ಟಿದರೆ? ಮೂರನೆಯ ದಿನ ಬೆಳಿಗ್ಗೆಯೇ ಬುಟ್ಟಿ ಎತ್ತಿಕೊಂಡು ಭದ್ರಾವತಿಗೆ ಓಡಿದೆ.

ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಸದ್ಯ ಕಟ್ಟಿಲ್ಲ. ಆದರೆ ತಿನ್ನದಿದ್ರೆ ಅಡ್ಮಿಟ್ ಮಾಡಬೇಕಾಗುತ್ತೆ ಅಮ್ಮ. ಮನೇಲಿ ಹೇಗೆ ಕೊಡ್ತಿದ್ರಿ?"

ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ. ಟವೆಲ್ ತರಿಸಿ ಮೂಗಿಗೆ ಕಟ್ಟಿಕೊಂಡರು, ಗೋಡೆಯ ಕಡೆ ತಿರುಗಿ ಪ್ಯಾಕೆಟ್ ಹಿಂಡಿದರು. ಗುಂಡನ ಕಿವಿಗಳು ನೆಟ್ಟಗಾದವು. ಎದ್ದು ನಿಂತ. ಬಟ್ಟಲ ಮುಂದೆ ಬಂದು ಕಾದ. ಕಾಯುತ್ತಲೇ ಇದ್ದ.

ನಾನು ಕುಂಸಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. "ರೀ, ಒಮ್ಮೆ ಶಿವ ಶಿವ ಅನ್ರಿ."

"ಯಾರಿಗೇನಾಯ್ತೇ?"

"ಯಾರಿಗೂ ಏನೂ ಆಗಿಲ್ಲ. ಹೇಸಿಕೊಂಡು ಅನ್ರಿ!"

"ಪಂಕ್ತೀಲಿ ಕೂತಿದೀನಿ ಮಾರಾಯ್ತಿ, ಎಲೆಗೆ ಹೋಳಿಗೆ ಬಡಿಸ್ತಿದ್ದಾರೆ. ಏನಂದ್ಕೋತಾರೆ?"

"ಗುಂಡ ಮೂರು ದಿನದಿಂದ ಉಪವಾಸ ಇದ್ದಾನ್ರಿ, ನಿಮ್ಮ ದನಿನೇ ಬೇಕು ಅವನಿಗೆ."

ಅತ್ತ ಎಲೆ ಸರಿಸಿದ ಸದ್ದು. ಬಳಿಕ ಕುಂಸಿಯ ಪಂಕ್ತಿಯೆಲ್ಲ ಕೈ ತಡೆಯುವಂತೆ ಹೊಟ್ಟೆಯ ಆಳದಿಂದ ಬಂತು: "ಶಿವಾ... ಶಿವಾ..."

ಗುಂಡ ಬಟ್ಟಲಿಗೆ ಮುಖ ಹಾಕಿದವನು ಅದನ್ನು ನೆಕ್ಕಿ ಮುಗಿಸಿಯೇ ತಲೆ ಎತ್ತಿದ. ಡಾಕ್ಟರು ಟವೆಲ್ ಬಿಚ್ಚಿ ಚೀಟಿ ಬರೆದರು: "ಯಾವ ವೆಟ್ ಫುಡ್ ಆದರೂ ಸರಿ. ದಿನಕ್ಕೆರಡು ಬಾರಿ, ಶಿವನಾಮದೊಂದಿಗೆ."

ಸಂಜೆ ಕುಂಸಿಯಿಂದ ಬಂದ ಯಜಮಾನರು ಚೀಟಿಯನ್ನು ಎರಡು ಸಲ ಓದಿ, ಎದೆ ಉಬ್ಬಿಸಿಕೊಂಡು ಹೇಳಿದರು: "ಯಾವಾಗ ದೀಕ್ಷೆ ಕೊಡಿಸಿದಿರಿ ಅಂತ ಕೇಳಿದ್ರಲ್ಲ ಆ ಡಾಕ್ಟ್ರು? ಈಗ ಅವರೇ ಬರೆದುಕೊಟ್ಟಿದ್ದಾರೆ ನೋಡು!"

ಅಷ್ಟು ಹೇಳಿ, ಟವೆಲ್ಲನ್ನು ಮೂಗಿಗೆ ಬಿಗಿದುಕೊಂಡು, ಟ್ಯೂನಾ ಹಿಂಡಲು ಹಿತ್ತಲಿಗೆ ಹೋದರು.