ಕೂಲರ್ ಡಕ್ಟಿಗೆ ಜೊಳ್ಳಿನ ಇಲಾಜು

ಭತ್ತದ ಸೀಮೆಯಲ್ಲಿ ಹುಟ್ಟಿ, ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡವನು ನಾನು. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಭತ್ತ ಹಸಿಯೋ ಒಣಗಿದ್ದೋ ಹೇಳಿಬಿಡುತ್ತೇನೆ. ಹೀಗಿರುವಾಗ ತೇವದ ವಿಷಯದಲ್ಲಿ ಇನ್ನೊಬ್ಬರ ಸಲಹೆ ಕೇಳುವುದು ನನ್ನ ಘನತೆಗೆ ತಕ್ಕದ್ದಲ್ಲ ಎಂದುಕೊಂಡಿದ್ದೆ.

ಸಿಂಧನೂರಿನ ನಮ್ಮ ಮನೆಯ ಮಾಳಿಗೆ ಮೇಲೆ ದೊಡ್ಡದೊಂದು ಕೂಲರ್ ಇದೆ. ಅದರ ಗಾಳಿ ತಗಡಿನ ಡಕ್ಟಿನಲ್ಲಿ ಇಳಿದು ಕೋಣೆಗಳಿಗೆ ಬರುತ್ತದೆ. ಹೋದ ಬೇಸಿಗೆಯಲ್ಲಿ ಡಕ್ಟಿನೊಳಗೆ ಬೂಷ್ಟು ಹಿಡಿದು ಮನೆಯೆಲ್ಲ ಮುಗ್ಗಲು ವಾಸನೆ. ವಳಕಮದಿನ್ನಿಯಿಂದ ಬಂದಿದ್ದ ಅತ್ತೆಗೆ ದಮ್ಮು ಎದ್ದು, ಮರುದಿನವೇ ಊರಿಗೆ ಹೊರಟುಬಿಟ್ಟರು. ಈ ಸಲ ಅವರು ಮೊಣಕಾಲಿನ ಚಿಕಿತ್ಸೆಗೆಂದು ಬೇಸಿಗೆ ಮುಗಿಯುವವರೆಗೂ ನಮ್ಮಲ್ಲೇ ಇರಬೇಕಾಗಿತ್ತು.

"ಈ ಸಲನೂ ವಾಸನಿಗೆ ಅಂಜಿ ಅವ್ವ ಹೊಂಟ್ಹೋದ್ರ, ಆಕಿ ಕಾಲು ನೆಟ್ಟಗಾಗಂಗಿಲ್ಲ ನೋಡ್ರಿ," ಎಂದಳು ಹೆಂಡತಿ ಗಿರಿಜಾ. ಹೇಳುವಾಗ ಅವಳ ಕಣ್ಣು ತುಂಬಿತ್ತು. "ಸಂಜಿಕ ನೀರಿನ ಮೋಟರ್ ಬಂದ್ ಮಾಡಿ, ಜರಾ ಹೊತ್ತು ಬರೇ ಫ್ಯಾನ್ ಬಿಡ್ರಿ. ಒಳಗ ಒಣಗತೈತಿ."

"ಅದು ಮಂದಿ ಮಾಡೂದು. ನೀ ಫಿಕರ್ ಮಾಡಬ್ಯಾಡ, ನಾ ಪಕ್ಕಾ ಇಲಾಜು ಮಾಡ್ತೀನಿ," ಎಂದೆ.

ಮರುದಿನ ಗಿರಣಿಯಿಂದ ಭತ್ತದ ಜೊಳ್ಳು ತಂದೆ. ಜೊಳ್ಳು ತೇವ ಹೀರುತ್ತದೆಂಬುದು ನನ್ನ ಸಿದ್ಧಾಂತ. ನನ್ನ ಹಳೆಯ ಲುಂಗಿ ಹರಿದು ಚೀಲ ಹೊಲಿದು, ಅದರಲ್ಲಿ ಜೊಳ್ಳು ತುಂಬತೊಡಗಿದೆ.

ಗಿರಿಜಾ ಒಂದು ಹಿಡಿ ತೆಗೆದು ನೋಡಿದಳು. "ಇದರಾಗ ಗಟ್ಟಿ ಕಾಳೂ ಅದಾವಲ್ರೀ?"

"ಗಿರಣ್ಯಾಗ ಇರಾಂವ ನಾನೋ, ನೀನೋ?"

ಅವಳು ಆ ಹಿಡಿಯನ್ನು ಮತ್ತೆ ಚೀಲಕ್ಕೇ ಸುರಿದಳು. ಚೀಲಗಳನ್ನು ಡಕ್ಟಿನ ಉದ್ದಕ್ಕೂ ಸಾಲಾಗಿ ಮಲಗಿಸಿದೆ.

ಈ ಸಲವೂ ಎದ್ದಿದ್ದ ವಾಸನೆ ಮೊದಲು ಕಡಿಮೆಯಾಯಿತು. ಗಾಳಿಯೂ ಕಡಿಮೆಯಾಯಿತು. "ಗಾಳಿ ಈಗ ಸಮಾಧಾನದಿಂದ ಬರಾಕತ್ತೈತಿ," ಎಂದು ಹೆಂಡತಿಗೆ ವಿವರಿಸಿದೆ. ಅವಳು ಬೀಸಣಿಗೆ ಹುಡುಕಿಕೊಂಡು ಹೋದಳು. ಆಮೇಲೆ ಕೋಣೆಯಲ್ಲಿ ಹಸಿ ಗೋಣಿಚೀಲದಂಥ ವಾಸನೆ ಸುಳಿದಾಡತೊಡಗಿತು. ಎಲ್ಲೋ ಮೂಗಿಗೆ ಪರಿಚಯವಿದ್ದ ವಾಸನೆಯೇ, ಎಲ್ಲೆಂದು ಮಾತ್ರ ಹೊಳೆಯಲಿಲ್ಲ. ಇಲಾಜು ಹತ್ತುತ್ತಿದೆ ಎಂದುಕೊಂಡೆ.

ಎಂಟು-ಹತ್ತು ದಿನ ಕಳೆದು ಅತ್ತೆ ಬಂದರು. ನಾನು ಅವರನ್ನು ಹೆಮ್ಮೆಯಿಂದ ಡಕ್ಟಿನ ಜಾಲರಿಯ ಕೆಳಗೇ ಕೂರಿಸಿದೆ. ಅವರು ನೀರು ಕುಡಿಯಲು ತಲೆ ಎತ್ತಿದವರು ಹಾಗೆಯೇ ಉಳಿದರು.

"ಅಳಿಯಂದ್ರ, ಆ ಜಾಲರ್‍ಯಾಗ ಹಸರಂದು ಏನದು?"

ಸ್ಟೂಲು ಹತ್ತಿ ನೋಡಿದೆ. ಜಾಲರಿಯ ಸಂದಿನಿಂದ ಎಳೆಯ ಕುಡಿಗಳು ಇಣುಕುತ್ತಿದ್ದವು. ಜಾಲರಿ ಬಿಚ್ಚಿ ಚೀಲ ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ. ಬೇರುಬಿಟ್ಟು ಹೆಣೆದುಕೊಂಡ ಒಂದು ಹಸಿ ಮುದ್ದೆ ಸೀದಾ ನನ್ನ ತಲೆಯ ಮೇಲೆ ಬಿತ್ತು, ಅಲ್ಲಿಂದ ಜಾರಿ ಅತ್ತೆಯ ಮಡಿಲಿಗೆ.

ಭತ್ತ ನೆನೆಸಿ, ಚೀಲಕ್ಕೆ ಕಟ್ಟಿ, ಕತ್ತಲಲ್ಲಿಟ್ಟು ಆಗಾಗ ನೀರು ಚಿಮುಕಿಸಿದರೆ ಮೊಳಕೆ ಬರುತ್ತದೆ. ಸಸಿ ಮಡಿ ಹಾಕುವ ಮುಂಚೆ ನಮ್ಮ ಕಡೆ ಮನೆಮನೆಯಲ್ಲೂ ಮಾಡುವ ಕೆಲಸವಿದು. ನಾನು ಅದನ್ನೇ ಒಂದು ಅಕ್ಷರವೂ ತಪ್ಪದೆ ಡಕ್ಟಿನಲ್ಲಿ ಮಾಡಿದ್ದೆ.

ಅತ್ತೆ ಮುದ್ದೆಯನ್ನು ತಿರುವಿ ತಿರುವಿ ನೋಡಿದರು. "ಮೊಳಕಿ ಭೇಷ್ ಒಡದಾವ. ಕಾಲುವಿಗೆ ಇನ್ನಾ ನೀರ ಬಿಟ್ಟಿಲ್ಲ, ಆಗ್ಲೇ ಸಸಿ ಮಾಡೀರಲ್ರೀ. ಯಾವ ತಳಿ?"

ನಾಚಿಕೆಯಿಂದ ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಅಂದು ಸಂಜೆಯವರೆಗೆ ಚೀಲಗಳನ್ನೆಲ್ಲ ಕಿತ್ತು, ಡಕ್ಟು ತಿಕ್ಕಿ ಒರೆಸಿ, ಮೋಟರ್ ಬಂದ್ ಮಾಡಿ ಬರೇ ಫ್ಯಾನ್ ಬಿಟ್ಟೆ. ಹೆಂಡತಿ ಹೇಳಿದ್ದೂ ಅದನ್ನೇ. ಒಳಗೆ ಒಣಗಿತು. ಆದರೂ ಅತ್ತೆ ಈ ಸಲವೂ ಹೊರಟುಬಿಡುತ್ತಾರೇನೋ ಎಂಬ ಅಂಜಿಕೆ ಹೋಗಿರಲಿಲ್ಲ. ಬುಟ್ಟಿ ತುಂಬ ಸಸಿ ಹೊತ್ತುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಅಡುಗೆಮನೆಯಲ್ಲಿ ಗಿರಿಜಾಳ ದನಿ ಕೇಳಿಸಿತು.

"ಅವ್ವಾ, ಖರೇ ಹೇಳು. ಇರ್ತಿಯೋ, ಊರಿಗೆ ಹೊಕ್ಕಿಯೋ?"

"ಇರ್ತೀನವ್ವ," ಎಂದರು ಅತ್ತೆ, ದನಿ ತಗ್ಗಿಸಿ. "ಇಂಥಾಂವನ ಕೈಯಾಗ ನಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗ್ಲಿ?"